ತೆರೆಯದ ಪೆಟ್ಟಿಗೆಯ ಬಾಡಿಗೆ

"ಮಷೀನು ಹೊರಗೆ ಹೋಗೋ ಹಾಗಿಲ್ಲ. ಕತ್ತರಿ, ಟೇಪು, ಬಟ್ಟೆ, ಒಂದು ಗುಂಡಿ ಕೂಡ ಹೊರಗೆ ಹೋಗೋ ಹಾಗಿಲ್ಲ. ಹೋಗೋದು ನೀನು ಮಾತ್ರ."

ಯಜಮಾನರು ಹೊಸ ಬೀಗವನ್ನು ತೋರುಬೆರಳಿಗೆ ಸಿಕ್ಕಿಸಿಕೊಂಡು ಹೊಲಿಗೆ ಅಂಗಡಿಯ ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು. ಒಳಗೆ ಟೈಲರಕ್ಕ ಮಷೀನಿನ ಮುಂದಿನ ಸ್ಟೂಲು ಬಿಟ್ಟು ಏಳಲಿಲ್ಲ. ಅವಳ ಪಕ್ಕದಲ್ಲಿ ಆಸ್ಪತ್ರೆಯ ನರ್ಸುಗಳ ಸಮವಸ್ತ್ರ ಎದೆಯೆತ್ತರ ರಾಶಿ ಬಿದ್ದಿತ್ತು. ಅರ್ಧಕ್ಕೆ ಇನ್ನೂ ತೋಳೇ ಕೂಡಿಸಿರಲಿಲ್ಲ.

"ಈ ತೋಳೊಂದು ಮುಗಿಸಿಬಿಡ್ತೀನಿ," ಅಂದಳು, ತಲೆ ಎತ್ತದೆ.

"ಜೈಲಲ್ಲಿ ಕೂತು ಮುಗಿಸು."

ನಿನ್ನೆ, ತೆರಿಗೆಯ ಹೊಸ ವರ್ಷ ಶುರುವಾದ ಬೆಳಿಗ್ಗೆ, ಯಜಮಾನರು ಮೆಟ್ಟಿಲ ಕೆಳಗಿನ ಬಾಡಿಗೆ ಪೆಟ್ಟಿಗೆಯನ್ನು ತೆರೆದರೆ ಒಳಗೆ ಬರೀ ಗಾಳಿ. ಪೆಟ್ಟಿಗೆಯ ಪಕ್ಕದ ಬಾಗಿಲು ಟೈಲರಕ್ಕನದು, ಹಾಗಾಗಿ ಕಳ್ಳಿ ಅನ್ನುವ ಪಟ್ಟವೂ ಅವಳಿಗೇ ಬಂದಿತ್ತು.

"ಸ್ವಲ್ಪ ದಾರಿ ಬಿಡ್ತೀರಾ ಯಜಮಾನ್ರೇ? ಬಿಸಿಲಲ್ಲಿ ಬಂದಿದ್ದೀನಿ."

ಯಜಮಾನರು ಬೆಚ್ಚಿ ಪಕ್ಕಕ್ಕೆ ಸರಿದರು. ಕೊಡೆ ಮಡಿಸುತ್ತಾ ಒಳಗೆ ಬಂದವಳು ಅತ್ತಿಗೆ. ಅವಳ ಹಿಂದೆ, ಪ್ಲಾಸ್ಟಿಕ್ ಚೀಲವೊಂದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, ಇನ್ಸ್‌ಪೆಕ್ಟರ್.

ಅತ್ತಿಗೆ ಅಂದರೆ ಇನ್ಸ್‌ಪೆಕ್ಟರನ ಅಣ್ಣನ ಹೆಂಡತಿ. ತೆರಿಗೆ ಕಚೇರಿಯಲ್ಲಿ ಮನೆ ಬಾಡಿಗೆಗಳ ತಕರಾರು ಬಿಡಿಸಿ ಬಿಡಿಸಿ ತಲೆ ನೆರೆಸಿಕೊಂಡು ನಿವೃತ್ತಳಾದವಳು. ಮೈದುನ ಅವಳನ್ನು ಅತ್ತಿಗೆ ಅಂದದ್ದೇ ತಡ, ಠಾಣೆಯ ಪೇದೆಗಳೂ ಅತ್ತಿಗೆ ಅಂದರು. ಈಚೆಗೆ ಸಿಕ್ಕಿಬಿದ್ದ ಕಳ್ಳರೂ ಹಾಗೇ ಕರೆಯುತ್ತಿದ್ದರು. ಅವಳಿಗೆ ಬೇಸರವಿರಲಿಲ್ಲ. ಕರೆಯುವವರೆಲ್ಲ ತನ್ನನ್ನು ಮನೆಯವಳು ಅಂದುಕೊಂಡು ನಾಲ್ಕು ಮಾತು ಹೆಚ್ಚಿಗೆ ಆಡುತ್ತಾರೆ, ಆ ನಾಲ್ಕರಲ್ಲಿ ಒಂದು ಕೆಲಸಕ್ಕೆ ಬರುತ್ತದೆ.

"ಅತ್ತಿಗೆ, ಇದರಲ್ಲಿ ನೋಡೋದಕ್ಕೇನೂ ಇಲ್ಲ," ಅಂದ ಇನ್ಸ್‌ಪೆಕ್ಟರ್. "ಆಯುಧ ಸಿಕ್ಕಿದೆ." ಚೀಲ ಎತ್ತಿ ತೋರಿಸಿದ. ಒಳಗೆ ಒಂದು ಉದ್ದನೆಯ ತೆಳು ಕಡ್ಡಿ, ತುದಿಗೆ ಪುಟ್ಟ ಕೊಕ್ಕೆ.

"ಅದು ಆಯುಧ ಅಲ್ಲ ಸ್ವಾಮಿ, ಲಾಡಿ ತಿರುವೋ ಕಡ್ಡಿ," ಅಂದಳು ಟೈಲರಕ್ಕ. "ಲಾಡಿ ಒಳಮುಖವಾಗಿ ಹೊಲಿದ ಮೇಲೆ ಅದನ್ನ ಒಳಗೆ ತೂರಿಸಿ ಎಳೆದರೆ ಬಟ್ಟೆ ಹೊರಮುಖ ಆಗುತ್ತೆ. ಪ್ರತಿ ಟೈಲರ್ ಹತ್ರಾನೂ ಇರುತ್ತೆ."

"ಪ್ರತಿ ಟೈಲರ್ ಪಕ್ಕದಲ್ಲೂ ನನ್ನ ಪೆಟ್ಟಿಗೆ ಇರಲ್ಲ," ಅಂದರು ಯಜಮಾನರು.

ಅತ್ತಿಗೆಗೆ ನಗು ಬಂತು. ಮಾತು ಚೆನ್ನಾಗಿತ್ತು, ಒಪ್ಪಲೇಬೇಕು. ಅವಳು ಅಂಗಡಿಯನ್ನು ಸುಮ್ಮನೆ ಒಂದು ಸುತ್ತು ನೋಡಿದಳು. ಇಸ್ತ್ರಿ ಮೇಜು, ಗೋಡೆಗೆ ಒರಗಿದ ಬಟ್ಟೆ ಸುರುಳಿಗಳು, ನೀಲಿ ಸೀಮೆಸುಣ್ಣದ ಚೂರುಗಳಿರುವ ಬಟ್ಟಲು. ಗೋಡೆಯ ಮೇಲೆ ಅಲ್ಲಲ್ಲಿ, ಒಂದೇ ಅಳತೆಯ ಅಂತರದಲ್ಲಿ, ಪೆನ್ಸಿಲ್ಲಿನ ಸಣ್ಣ ಗೀಟುಗಳು.

"ನೀವು ಪೆನ್ಸಿಲ್ ಬಳಸ್ತೀರಾ ಅಕ್ಕ?"

"ಬಟ್ಟೆಗೆ ಯಾರಾದ್ರೂ ಪೆನ್ಸಿಲ್ ಹಾಕ್ತಾರಾ? ಸೀಮೆಸುಣ್ಣ. ಆ ಗೀಟು ಹಾಕಿದ್ದು ಹೋದ ತಿಂಗಳು ಬಂದ ಬಡಗಿ. ಗೋಡೆಗೆ ಥಂಡಿ ಹಿಡಿದಿದೆಯಾ ನೋಡೋಕೆ ಯಜಮಾನ್ರು ಕಳಿಸಿದ್ದಾರೆ ಅಂದ."

"ಥಂಡಿ ನೋಡೋಕೆ ಬಡಗಿ," ಅಂದಳು ಅತ್ತಿಗೆ. ಅಷ್ಟೇ. ಯಜಮಾನರ ಬೆರಳಿನ ಬೀಗ ತೂಗಾಡುವುದು ನಿಂತಿತು.

ಅದನ್ನು ಅವಳು ಮನಸ್ಸಿನಲ್ಲೇ ಗಂಟು ಹಾಕಿಕೊಂಡು ಮೆಟ್ಟಿಲ ಕಡೆ ನಡೆದಳು.

ಮೂರು ಅಂತಸ್ತಿನ ಕಟ್ಟಡ ಅದು. ಕೆಳಗೆ ಟೈಲರಕ್ಕ. ಅದರ ಮೇಲೆ ಮೊಣಕಾಲು ಹಾಳಾಗಿ ಮನೆ ಸೇರಿದ ಬಸ್ ಡ್ರೈವರ್. ಎಲ್ಲಕ್ಕಿಂತ ಮೇಲಿನ ಮನೆಯಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಒಂದು ದಿನ ಯಾರಿಗೂ ಹೇಳದೆ ಹೋದವನು ಮತ್ತೆ ಬರಲಿಲ್ಲ. ಯಜಮಾನರು ಆ ಬಾಗಿಲಿಗೆ ತಮ್ಮ ಬೀಗ ಜಡಿದು, ಮನೆ ಖಾಲಿ ಎಂದು ತೆರಿಗೆ ಕಚೇರಿಗೆ ಬರೆದುಕೊಟ್ಟಿದ್ದರು.

ಮೆಟ್ಟಿಲ ಕೆಳಗೆ, ಗೋಡೆಯಲ್ಲಿ ಹುದುಗಿಸಿದ ಕಬ್ಬಿಣದ ಪೆಟ್ಟಿಗೆ. ಮೇಲ್ಗಡೆ ನೋಟು ತೂರಿಸುವ ಸೀಳು. ಮುಂದೆ ಪುಟ್ಟ ಬಾಗಿಲು, ಅದಕ್ಕೊಂದು ಬೀಗದ ಕಂಡಿ. ನಿನ್ನೆಯಿಂದ ಬಾಗಿಲು ಅರೆತೆರೆದೇ ಇತ್ತು. ಗೋಡೆ, ಪೆಟ್ಟಿಗೆ, ಮೆಟ್ಟಿಲ ಕಂಬಿ, ಎಲ್ಲದಕ್ಕೂ ಒಂದೇ ಎಣ್ಣೆ ಬಣ್ಣ. ಎಳೆ ಹಸಿರು.

"ಯಜಮಾನ್ರೇ, ಈ ಪೆಟ್ಟಿಗೆ ಕಥೆ ನಿಮ್ಮ ಬಾಯಲ್ಲೇ ಕೇಳಬೇಕು."

ಯಜಮಾನರಿಗೆ ಅದು ಇಷ್ಟದ ವಿಷಯ. ಎದೆ ಸೆಟೆಸಿದರು.

"ನಾನು ಬಾಡಿಗೆ ಕೈಗೆ ತಗೊಳ್ಳಲ್ಲ ತಾಯಿ. ಇದರಲ್ಲಿ ಹಾಕ್ತಾರೆ. ತೆರಿಗೆ ವರ್ಷದ ಕೊನೆ ಮೂರು ತಿಂಗಳು ಬಂತು ಅಂದ್ರೆ ಬೀಗ ಹಾಕಿ, ಕಂಡಿ ಮೇಲೆ ಬಿಳಿ ಕಾಗದ ಅಂಟಿಸಿ, ಸಹಿ ಮಾಡ್ತೀನಿ. ಅದರ ಫೋಟೋ ತೆಗೆದು, ದುಡ್ಡು ಮುಟ್ಟಿಲ್ಲ ಅಂತ ತೆರಿಗೆ ಕಚೇರಿಗೆ ಬರೆದು ಕಳಿಸ್ತೀನಿ. ಕಾಗದ ಹರಿಯದೆ ಬಾಗಿಲು ತೆರೆಯೋ ಹಾಗಿಲ್ಲ. ಹೊಸ ವರ್ಷದ ಮೊದಲನೇ ದಿನ ಎಲ್ಲರ ಎದುರು ತೆರೀತೀನಿ."

"ಯಾಕೆ?"

"ಮುಟ್ಟದೇ ಇರೋ ದುಡ್ಡು ಆದಾಯ ಹೇಗಾಗುತ್ತೆ? ಆ ಮೂರು ತಿಂಗಳದು ಹಳೇ ವರ್ಷಕ್ಕೆ ಬರಲ್ಲ."

"ಹಾಗಾದ್ರೆ ಹೊಸ ವರ್ಷಕ್ಕೆ ಬರೀತೀರಾ?"

"ಅದು ಹೋದ ವರ್ಷದ ಬಾಡಿಗೆ ಅಲ್ವಾ ತಾಯಿ? ಹೊಸ ವರ್ಷಕ್ಕೆ ಯಾಕೆ ಬರೀಲಿ?"

ಇನ್ಸ್‌ಪೆಕ್ಟರ್ ಕಣ್ಣು ಪಿಳುಕಿಸಿದ. ಅತ್ತಿಗೆ ಬೆರಗಾಗಿ ನೋಡಿದಳು. ಎರಡು ವರ್ಷಗಳ ನಡುವೆ ಒಂದು ಬಿರುಕು ಕೊರೆದು, ಅದರೊಳಗೆ ಪ್ರತಿ ವರ್ಷ ಮೂರು ತಿಂಗಳ ಬಾಡಿಗೆಯನ್ನು ಜಾರಿಸಿ ಬಿಟ್ಟಿದ್ದ ಮನುಷ್ಯ ತನ್ನೆದುರು ಎದೆ ಉಬ್ಬಿಸಿ ನಿಂತಿದ್ದ! ಕೆಲಸದಲ್ಲಿದ್ದಾಗ ಇಂಥವರನ್ನು ಕಂಡರೆ ಅವಳಿಗೆ ಊಟ ರುಚಿಸುತ್ತಿತ್ತು.

"ಆದರೆ ಈಗ ತಮಾಷೆ ಏನು ಗೊತ್ತಾ," ಯಜಮಾನರು ಮುಂದುವರಿಸಿದರು. "ದುಡ್ಡೇ ಇಲ್ಲ. ನಾನು ತೆರೆಯೋವರೆಗೂ ಕಾಗದ ಹರಿದಿರಲಿಲ್ಲ, ಬೀಗ ಮುರಿದಿರಲಿಲ್ಲ, ಕೀ ನನ್ನ ಜೇಬಲ್ಲಿ. ಇನ್ಸ್‌ಪೆಕ್ಟರ್ ಸಾಹೇಬ್ರೇ ನಿನ್ನೆ ನಿಂತು ನೋಡಿದ್ದಾರೆ. ಉಳಿದಿದ್ದು ಮೇಲಿನ ಸೀಳು ಒಂದೇ. ಸೀಳಿಗೆ ಕೊಕ್ಕೆ ಇಳಿಬಿಡೋಳು ಇವಳೊಬ್ಬಳೇ."

"ಸರಿ, ಇಳಿಬಿಡೋಣ," ಅಂದಳು ಅತ್ತಿಗೆ. "ಎಲ್ಲಿ, ಒಂದು ನೋಟು ಕೊಡು."

ಕೇಳಿದ್ದು ಮೈದುನನನ್ನು. ಅವನು ಜೇಬಿಗೆ ಕೈ ಹಾಕಿ, ಅನುಮಾನಿಸುತ್ತಲೇ ಒಂದು ನೋಟು ಕೊಟ್ಟ. ಅತ್ತಿಗೆ ಪೆಟ್ಟಿಗೆಯ ಬಾಗಿಲು ಮುಚ್ಚಿ, ನೋಟನ್ನು ಸೀಳಿನಲ್ಲಿ ತೂರಿಸಿದಳು. ಆಮೇಲೆ ಕಡ್ಡಿಯನ್ನು ಟೈಲರಕ್ಕನ ಕೈಗೆ ಕೊಟ್ಟಳು.

"ನಿಮ್ಮ ಕೈಚಳಕ ತೋರಿಸಿ ಅಕ್ಕ. ಬೇಕು ಅಂತ ಸೋಲಬೇಡಿ. ಸೋತರೆ ನನಗೆ ಗೊತ್ತಾಗುತ್ತೆ."

ಟೈಲರಕ್ಕ ತುಟಿ ಕಚ್ಚಿಕೊಂಡು ಕಡ್ಡಿ ಇಳಿಬಿಟ್ಟಳು. ತಿರುಗಿಸಿದಳು, ಎತ್ತಿದಳು, ಮತ್ತೆ ಇಳಿಬಿಟ್ಟಳು. ಕೊಕ್ಕೆಗೆ ನೋಟು ಸಿಕ್ಕಿತು. "ನೋಡಿ, ನೋಡಿ!" ಅಂದರು ಯಜಮಾನರು. ಅವಳು ಮೆಲ್ಲಗೆ ಎಳೆದಳು. ಸೀಳಿನ ಒಳಗೆ, ಕೆಳಮುಖವಾಗಿ ಬಾಗಿದ ಒಂದು ತಗಡಿನ ನಾಲಿಗೆ ಇತ್ತು. ಹೋಗುವ ನೋಟಿಗೆ ಅದು ದಾರಿ ಬಿಡುತ್ತಿತ್ತು, ಬರುವ ನೋಟಿಗೆ ಬಿಡುತ್ತಿರಲಿಲ್ಲ. ಪರ್ ಎಂದು ಸದ್ದಾಯಿತು. ಕೊಕ್ಕೆಯ ತುದಿಯಲ್ಲಿ ಒಂದು ಚೂರು ಮಾತ್ರ ಮೇಲೆ ಬಂತು.

"ಅತ್ತಿಗೆ! ನನ್ನ ನೋಟು!"

"ತನಿಖೆಯ ಖರ್ಚು ಅಂತ ಹಾಕಿಕೋ. ಈಗ ಹೇಳು, ಮೂರು ತಿಂಗಳ ಬಾಡಿಗೆ ಈ ದಾರೀಲಿ ಬಂದಿದ್ರೆ ಪೆಟ್ಟಿಗೆ ತಳದಲ್ಲಿ ಏನಿರಬೇಕಿತ್ತು?"

ಇನ್ಸ್‌ಪೆಕ್ಟರ್ ಪೆಟ್ಟಿಗೆಯ ಬಾಗಿಲು ತೆರೆದು, ಹರಿದ ನೋಟನ್ನು ದುಃಖದಿಂದ ಎತ್ತಿಕೊಂಡ. "ಚೂರುಗಳು," ಅಂದ. "ನಿನ್ನೆ ಒಂದು ಚೂರೂ ಇರಲಿಲ್ಲ."

"ಅಂದ್ರೆ ದುಡ್ಡು ಬಾಗಿಲಿಂದಲೇ ಹೋಗಿದೆ."

"ಬಾಗಿಲ ಮೇಲೆ ನನ್ನ ಸಹಿ ಇತ್ತು!" ಯಜಮಾನರ ಧ್ವನಿ ಒಂದು ಮೆಟ್ಟಿಲು ಮೇಲೆ ಹತ್ತಿತು. "ಸಹಿ ಮಾಡಿದ ಕಾಗದ ಹರಿದಿರಲಿಲ್ಲ!"

"ಇತ್ತು, ಹರಿದಿರಲಿಲ್ಲ. ಅದನ್ನ ಯಾರೂ ಅಲ್ಲಗಳೆಯಲ್ಲ," ಅಂದಳು ಅತ್ತಿಗೆ.

ನಿನ್ನೆ ತೆರೆದಾಗ ಆ ಕಾಗದ ಎರಡು ಹೋಳಾಗಿತ್ತು. ಒಂದು ಹೋಳು ಬಾಗಿಲಿಗೆ, ಇನ್ನೊಂದು ಚೌಕಟ್ಟಿಗೆ ಅಂಟಿಕೊಂಡೇ ಇತ್ತು. ಅತ್ತಿಗೆ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಉಗುರಿನಿಂದ ಒಂದು ಮೂಲೆ ಎಬ್ಬಿಸಿ ನೋಡಿ, ಹಾಗೇ ಒತ್ತಿ ಮುಚ್ಚಿದಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಒಳಗೆ ಮಾತ್ರ, ದಾರ ಸೂಜಿಯ ಕಣ್ಣು ದಾಟಿದಂತೆ, ಸರಕ್ಕನೆ ಒಂದು ವಿಷಯ ದಾಟಿಹೋಯಿತು.

"ಈ ಮೆಟ್ಟಿಲಿಗೆ ಬಣ್ಣ ಬಳಿದಿದ್ದು ಯಾರು?"

"ನಾನು!" ಮೇಲಿನಿಂದ ಉತ್ತರ ಬಂತು.

ಬಸ್ ಡ್ರೈವರ್ ಮೊದಲ ಮಹಡಿಯ ಕಂಬಿಗೆ ಒರಗಿ, ಯಾವಾಗಿನಿಂದಲೋ ಕೇಳಿಸಿಕೊಳ್ಳುತ್ತಿದ್ದ. ಎಲ್ಲರೂ ಅವನನ್ನು ಡ್ರೈವರಪ್ಪ ಅನ್ನುತ್ತಿದ್ದರು. ಮೊಣಕಾಲು ಮಡಚಲಾಗದ್ದರಿಂದ ಹಿಮ್ಮುಖವಾಗಿ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯತೊಡಗಿದ.

"ರಿವರ್ಸ್ ಬರ್ತಿದ್ದೀನಿ, ಯಾರೂ ಅಡ್ಡ ನಿಲ್ಲಬೇಡಿ. ಬಣ್ಣ ಹೇಗಿದೆ ತಾಯಿ? ಬಸ್ಸಿಗೆ ಬಳಿದ ಹಾಗೆ ಬಳಿದಿದ್ದೀನಿ. ಮೊದಲು ಸಗಣಿ ಕಂದು ಇತ್ತು, ಥೂ, ಹತ್ತೋವಾಗ ಗುಹೆಗೆ ಹೊಕ್ಕ ಹಾಗಾಗೋದು."

"ದುಡ್ಡು ಎಷ್ಟು ತಗೊಂಡಿರಿ?"

"ದುಡ್ಡೆಲ್ಲಿ? ಆ ತಿಂಗಳ ಬಾಡಿಗೆ ಬೇಡ, ಅದರ ಬದಲು ಬಣ್ಣ ಹೊಡೆದುಬಿಡು ಅಂದ್ರು ಯಜಮಾನ್ರು. ಹಾಕಿದ್ದೂ ಇಲ್ಲ, ತೆಗೆದಿದ್ದೂ ಇಲ್ಲ, ಲೆಕ್ಕಕ್ಕೂ ಬರಲ್ಲ ಅಂದ್ರು."

ಅತ್ತಿಗೆ ಯಜಮಾನರ ಕಡೆ ತಿರುಗಿದಳು. "ಬಾಡಿಗೆ ಬದಲು ಕೆಲಸ ಮಾಡಿಸಿಕೊಂಡರೆ ಆ ಕೆಲಸವೇ ಬಾಡಿಗೆ ಯಜಮಾನ್ರೇ. ಈ ಗೋಡೆ ಪೂರ್ತಿ ನಿಮ್ಮ ಆದಾಯ. ಒಣಗಿದೆ ಅಷ್ಟೇ."

ಡ್ರೈವರಪ್ಪ ಹೋ ಎಂದು ನಕ್ಕ. "ಹಾಗಾದ್ರೆ ಕಂಬಿಗೆ ಎರಡು ಕೋಟು ಹೊಡೆದಿದ್ದೀನಿ, ಅದನ್ನೂ ಬರೆಸಿ!"

"ಬರೆಸೋಣ. ಒಂದು ಮಾತು ಹೇಳಿ. ನೀವು ಬಣ್ಣ ಹೊಡೆದಿದ್ದು ಯಜಮಾನ್ರು ಕಾಗದ ಅಂಟಿಸೋಕೆ ಮುಂಚೆನಾ, ಆಮೇಲಾ?"

"ಆಮೇಲೆ. ಅದರಲ್ಲಿ ಅನುಮಾನ ಬೇಡ. ನಾನು ಪೆಟ್ಟಿಗೆ ಹತ್ರ ಬ್ರಷ್ ತಂದ್ರೆ ಇವರು ಇಲ್ಲೇ ನಿಂತು, ಕಾಗದಕ್ಕೆ ಒಂದು ಹನಿ ತಾಗಬಾರದು, ಒಂದು ಹನಿ ತಾಗಬಾರದು ಅಂತ ಜೀವ ತಿಂದ್ರು. ಸಣ್ಣ ಬ್ರಷ್ ತಗೊಂಡು ಕಾಗದದ ಸುತ್ತ ಬಳಿದೆ."

"ಹೌದಾ ಯಜಮಾನ್ರೇ?"

ಹೌದು ಅಂದರೆ ಏನಾಗುತ್ತದೆ, ಇಲ್ಲ ಅಂದರೆ ಏನಾಗುತ್ತದೆ ಎಂದು ಯಜಮಾನರು ಕಣ್ಣಲ್ಲೇ ತೂಗಿದರು. ಅಂಟಿಸಿದ ಕಾಗದದ ಫೋಟೋ ಆಗಲೇ ತೆರಿಗೆ ಕಚೇರಿಯಲ್ಲಿತ್ತು, ಅದರಲ್ಲಿ ಸುತ್ತಲ ಗೋಡೆ ಕಂದು.

"ಹೌದು. ಆಮೇಲೇ ಹೊಡೆದಿದ್ದು. ಅದಕ್ಕೂ ಇದಕ್ಕೂ ಏನು?"

"ಅಕ್ಕ, ನಿಮ್ಮ ಇಸ್ತ್ರಿಗೆ ಚಿಮುಕಿಸೋ ನೀರು ತನ್ನಿ."

ಟೈಲರಕ್ಕ ಬಟ್ಟಲು ತಂದಳು. ಅತ್ತಿಗೆ ಕರವಸ್ತ್ರ ಅದ್ದಿ, ಕಾಗದದ ಎರಡು ಹೋಳುಗಳನ್ನೂ ನೆನೆಸಿದಳು. ಅವಸರ ಮಾಡಲಿಲ್ಲ. ಅಂಟು ಬಿಡುವಷ್ಟು ಹೊತ್ತು ಡ್ರೈವರಪ್ಪನ ಮೊಣಕಾಲಿನ ಕ್ಷೇಮ ವಿಚಾರಿಸಿದಳು. ಇನ್ಸ್‌ಪೆಕ್ಟರ್ ಕಾಲು ಬದಲಿಸಿ ಬದಲಿಸಿ ನಿಂತ. ಆಮೇಲೆ ಅವಳು ಕಾಗದವನ್ನು ಮೂಲೆಯಿಂದ ಹಿಡಿದು, ಗಾಯದ ಪಟ್ಟಿ ಬಿಚ್ಚುವಂತೆ, ನಿಧಾನವಾಗಿ ಎಳೆದಳು.

"ಏನು ಬಣ್ಣ ಇರಬೇಕು ಇದರಡಿ? ಡ್ರೈವರಪ್ಪ, ನೀವು ಹೇಳಿ."

"ಸಗಣಿ ಕಂದು. ಅಲ್ಲಿಗೆ ನಾನು ಬ್ರಷ್ ತಾಗಿಸಿಲ್ಲ."

"ಬಂದು ನೋಡಿ."

ಎಲ್ಲರೂ ಬಾಗಿದರು. ಕಾಗದ ಎದ್ದ ಜಾಗದಲ್ಲಿ ಎಳೆ ಹಸಿರು ಮಿರಮಿರನೆ ಮಿಂಚುತ್ತಿತ್ತು.

ಮೊದಲು ಅರ್ಥವಾದದ್ದು ಟೈಲರಕ್ಕನಿಗೆ. ಬಟ್ಟಲು ಹಿಡಿದುಕೊಂಡೇ ಅವಳು ಇನ್ನಷ್ಟು ಬಾಗಿದಳು.

"ಬಣ್ಣ ಹೊಡೆದ ಮೇಲೆ ಯಾರೋ ಹಳೇ ಕಾಗದ ಕಿತ್ತಿದ್ದಾರೆ," ಅಂದಳು ಅವಳು. "ಕಿತ್ತು, ಹೊಸದು ಅಂಟಿಸಿದ್ದಾರೆ."

"ಕಿತ್ತಾಗ ಕಂದು ಮಚ್ಚೆ ಕಂಡಿದೆ," ಅತ್ತಿಗೆ ಕೂತಲ್ಲಿಂದಲೇ ಹೇಳಿದಳು. "ಹೊಸ ಕಾಗದ ಒಂದು ಕೂದಲೆಳೆ ಆಚೀಚೆ ಆದರೂ ಅಂಚಿನಲ್ಲಿ ಕಂದು ಇಣುಕುತ್ತೆ. ಬೇರೆ ಯಾರಾದ್ರೂ ಆಗಿದ್ರೆ ಅದಕ್ಕೆಲ್ಲ ತಲೆ ಕೆಡಿಸಿಕೊಳ್ತಿರಲಿಲ್ಲ. ಈ ಮನುಷ್ಯ ತುಂಬಾ ಅಚ್ಚುಕಟ್ಟು. ಮಚ್ಚೆಗೆ ಹಸಿರು ಬಳಿದು, ಒಣಗಿಸಿ, ಆಮೇಲೆ ಕಾಗದ ಅಂಟಿಸಿದ್ದಾರೆ. ಡ್ರೈವರಪ್ಪ, ಉಳಿದ ಬಣ್ಣ ಏನು ಮಾಡಿದಿರಿ?"

ಡ್ರೈವರಪ್ಪ ಹಣೆ ಬಡಿದುಕೊಂಡ. "ಅಯ್ಯೋ, ಇವರೇ ತಗೊಂಡು ಹೋದ್ರಲ್ಲ ತಾಯಿ! ಬಚ್ಚಲು ಕಿಟಕಿಗೆ ಬೇಕು ಅಂತ. ಬ್ರಷ್ ಕೂಡ ವಾಪಸ್ ಬಂದಿಲ್ಲ!"

"ಕೀ ಯಾರ ಜೇಬಲ್ಲಿ ಇತ್ತು ಅಂದ್ರಿ ಯಜಮಾನ್ರೇ? ಹೊಸ ಕಾಗದದ ಮೇಲೆ ಸಹಿ ಯಾರದ್ದು?"

ಯಜಮಾನರ ಮುಖ ಕೆಂಪಾಗಿ, ಬಿಳಿಚಿ, ಮತ್ತೆ ಕೆಂಪಾಯಿತು. ಆಮೇಲೆ, ಮೂಲೆಗೆ ಸಿಕ್ಕಿಬಿದ್ದವರು ಕೂಗುವ ಹಾಗೆ ಕೂಗಿದರು.

"ಹೌದು, ತೆರೆದೆ! ಏನೀಗ? ಗೋಡೆ ನಂದು, ಪೆಟ್ಟಿಗೆ ನಂದು, ಒಳಗೆ ಬಿದ್ದ ದುಡ್ಡು ನಂದು! ನನ್ನ ದುಡ್ಡು ನಾನು ತಗೊಂಡ್ರೆ ಅದು ಕಳ್ಳತನವಾ? ಯಾವ ಕಾನೂನು ಸಾಹೇಬ್ರೇ?"

ಇನ್ಸ್‌ಪೆಕ್ಟರ್ ಬಾಯಿ ತೆರೆದ. ಅತ್ತಿಗೆ ಕೈ ಎತ್ತಿ ಅವನನ್ನು ತಡೆದಳು. ಮೊಣಕಾಲು ಲಟಕ್ಕೆನ್ನಿಸಿ ಎದ್ದು ನಿಂತಳು. ಬೆಳಿಗ್ಗೆಯಿಂದ ಅವಳು ಕಾದದ್ದು ಇದೊಂದು ಮಾತಿಗೆ.

"ಇನ್ನೊಂದು ಸಲ ಹೇಳಿ. ಒಳಗೆ ಬಿದ್ದ ದುಡ್ಡು ಯಾರದು?"

"ನಂದು!"

"ಕೇಳಿಸಿಕೊಂಡೆಯಾ?" ಅಂದಳು ಮೈದುನನಿಗೆ. "ಬಿದ್ದ ಕೂಡಲೇ ಅವರದಂತೆ. ಅಂದ್ರೆ ಟೈಲರಕ್ಕ ಬಾಡಿಗೆ ಕೊಟ್ಟಾಯ್ತು. ಡ್ರೈವರಪ್ಪ ಕೊಟ್ಟಾಯ್ತು. ಬಾಕಿ ಇಲ್ಲ, ಕಳ್ಳತನ ಇಲ್ಲ, ಬೀಗ ಹಾಕೋಕೆ ಕಾರಣಾನೂ ಇಲ್ಲ."

ಯಜಮಾನರಿಗೆ ತಾವು ಕಾಲಿಟ್ಟ ಜಾಗ ಆಗ ಕಂಡಿತು. ಹಿಂದೆ ಸರಿಯಲು ನೋಡಿದರು. "ಅಂದ್ರೆ... ನಾನು ತೆರೆದ ಮೇಲೆ ನಂದು. ತೆರೆಯೋವರೆಗೂ..."

"ತೆರೆಯದೇ ಇದ್ದಿದ್ರೂ ನಿಮ್ಮದೇ! ಅದನ್ನೇ ನಾನು ಕಚೇರೀಲಿ ಅರ್ಧ ಆಯಸ್ಸು ಹೇಳಿದ್ದು. ಪೆಟ್ಟಿಗೆ ನಿಮ್ಮ ಗೋಡೇಲಿ, ಕೀ ನಿಮ್ಮ ಜೇಬಲ್ಲಿ, ಬೇಕು ಅಂದಾಗ ತೆಗೀಬಹುದು. ಬೇಡ ಅಂತ ಕಣ್ಣು ಮುಚ್ಚಿಕೊಂಡು ಕೂತರೆ ಆದಾಯ ಕಾಯುತ್ತಾ? ನೋಟು ಸೀಳಿನೊಳಗೆ ಬಿದ್ದ ದಿನವೇ ಅದು ನಿಮ್ಮ ಆ ವರ್ಷದ ಆದಾಯ. ಹೋದ ವರ್ಷದ್ದು ಮಾತ್ರ ಅಲ್ಲ, ಕಾಗದ ಅಂಟಿಸಿದ ಪ್ರತಿ ವರ್ಷದ್ದೂ. ಯಾವ್ಯಾವ ವರ್ಷ ಅಂತ ಹುಡುಕೋ ಕಷ್ಟಾನೂ ಕೊಟ್ಟಿಲ್ಲ ನೀವು. ಫೋಟೋ ತೆಗೆದು ನೀವೇ ಕಳಿಸಿದ್ದೀರಿ."

ಡ್ರೈವರಪ್ಪ ಕಂಬಿಯ ಮೇಲೆ ಕೈಯಿಂದ ಬಡಿದು ಹಾರ್ನ್ ಹೊಡೆದ ಹಾಗೆ ಬಾಯಲ್ಲಿ ಸದ್ದು ಮಾಡಿದ.

"ಆದರೆ ಕಳ್ಳಿ ಯಾಕೆ ಬೇಕಾಯ್ತು ಇವರಿಗೆ?" ಅಂದ ಇನ್ಸ್‌ಪೆಕ್ಟರ್. "ತೆಗೆದಿದ್ದೆ ಅಂತ ಹೇಳಿಬಿಡಬಹುದಿತ್ತು."

"ಹೇಳಿದ್ರೆ ಹಳೇ ವರ್ಷ ದುಡ್ಡು ಮುಟ್ಟಿದೆ ಅಂತ ಆಗುತ್ತೆ. ಮುಟ್ಟಿಲ್ಲ ಅಂತ ಸಹಿ ಮಾಡಿ ಕೊಟ್ಟಿದ್ದಾರಲ್ಲ? ಖಾಲಿ ಪೆಟ್ಟಿಗೆಗೆ ಒಬ್ಬ ಕಳ್ಳ ಬೇಕೇ ಬೇಕಾಯ್ತು. ಟೈಲರಕ್ಕನೇ ಯಾಕೆ ಅನ್ನೋದನ್ನ ಗೋಡೆ ಮೇಲಿನ ಪೆನ್ಸಿಲ್ ಗೀಟು ಹೇಳುತ್ತೆ." ಅತ್ತಿಗೆ ಅಂಗಡಿಯ ಕಡೆ ಕೈ ತೋರಿದಳು. "ಆ ಅಳತೆ ಔಷಧಿ ಅಂಗಡಿಯ ಕಪಾಟಿಗೆ. ಬೀದಿ ಕೊನೇಲಿರೋ ಔಷಧಿ ಅಂಗಡಿಯವರು ದೊಡ್ಡ ಜಾಗ ಹುಡುಕ್ತಿದ್ದಾರೆ ಅಂತ ಕೇಳಿದ್ದೆ. ಯಜಮಾನ್ರೇ, ಅವರ ಹತ್ರ ಮುಂಗಡ ತಗೊಂಡಾಗಿದೆಯಾ?"

"ಅದು ಹೊಸ ವರ್ಷದ ಬಾಡಿಗೆ," ಅಂದರು ಯಜಮಾನರು, ತಡೆಯಲಾಗದೆ. "ಹೋದ ತಿಂಗಳು ಕೊಟ್ಟರೂ ಹೊಸ ವರ್ಷದ್ದು. ಹಳೇ ವರ್ಷದ ಲೆಕ್ಕಕ್ಕೆ..."

ನಾಲಿಗೆ ಕಚ್ಚಿಕೊಂಡರು.

"ಬರುತ್ತೆ," ಅಂದಳು ಅತ್ತಿಗೆ, ಮಗುವಿಗೆ ಹೇಳುವಷ್ಟು ಮೆತ್ತಗೆ. "ವಾಪಸ್ ಕೊಡೋ ಠೇವಣಿ ಆಗಿದ್ರೆ ಬರ್ತಿರಲಿಲ್ಲ. ಬಾಡಿಗೆ ಅಂತ ಮುಂಗಡ ತಗೊಂಡ್ರೆ, ಅದು ಯಾವ ವರ್ಷದ್ದೇ ಇರಲಿ, ಕೈಗೆ ಬಂದ ದಿನವೇ ಆದಾಯ."

ಟೈಲರಕ್ಕ ಬಟ್ಟಲನ್ನು ಕೆಳಗಿಟ್ಟಳು. ಯಜಮಾನರ ಹತ್ತಿರ ಬಂದು, ಅವರ ತೋರುಬೆರಳಿನಿಂದ ಹೊಸ ಬೀಗವನ್ನು, ಮಗುವಿನ ಕೈಯಿಂದ ಕತ್ತರಿ ಬಿಡಿಸಿಕೊಳ್ಳುವ ಹಾಗೆ, ಬಿಡಿಸಿಕೊಂಡಳು. ಅದನ್ನು ಒಳಗೆ ಒಯ್ದು, ಇಸ್ತ್ರಿ ಮೇಜಿನ ಮೇಲೆ ಗಾಳಿಗೆ ಹಾರುತ್ತಿದ್ದ ಅಳತೆ ಚೀಟಿಗಳ ಮೇಲೆ ಇಟ್ಟಳು.

"ತೂಕ ಚೆನ್ನಾಗಿದೆ," ಅಂದಳು. "ಇನ್ನು ಮೇಲೆ ಬಾಡಿಗೆ ಕೈಗೇ ಕೊಡ್ತೀನಿ ಯಜಮಾನ್ರೇ. ರಸೀತಿ ತಗೊಂಡು. ಮತ್ತೆ, 'ನೀನು' ಅನ್ನಬೇಡಿ. 'ನೀವು' ಅನ್ನಿ."

ಯಜಮಾನರು ತಮ್ಮ ಖಾಲಿ ಬೆರಳನ್ನು ನೋಡಿಕೊಂಡರು. "ಸರಿ... ಅಮ್ಮ."

ಮಷೀನು ಮತ್ತೆ ಟಕಟಕ ಶುರುವಾಯಿತು. ಅತ್ತಿಗೆಯ ಕಿವಿಗೆ ಅಷ್ಟು ಹಿತವಾದ ಸದ್ದು ಈಚೆಗೆ ಕೇಳಿಸಿರಲಿಲ್ಲ. ಇನ್ಸ್‌ಪೆಕ್ಟರ್ ಲಾಡಿಯ ಕಡ್ಡಿಯನ್ನು ಎರಡೂ ಕೈಯಿಂದ ಟೈಲರಕ್ಕನಿಗೆ ಒಪ್ಪಿಸಿ, "ತಪ್ಪಾಯ್ತು ಅಕ್ಕ," ಅಂದ. ಅವಳು ಅವನ ಅಂಗಿಯ ಸಡಿಲ ಗುಂಡಿಯ ಕಡೆ ನೋಡಿ, "ನಾಳೆ ಬನ್ನಿ, ಹಾಕಿಕೊಡ್ತೀನಿ. ದುಡ್ಡು ಬೇಡ," ಅಂದಳು. "ಬೇಡ ಅನ್ನಬೇಡಿ, ಅತ್ತಿಗೆ ಅದನ್ನೂ ಆದಾಯ ಅಂತಾರೆ," ಅಂದ ಅವನು. ಯಜಮಾನರ ಹೊರತು ಎಲ್ಲರೂ ನಕ್ಕರು.

ಯಜಮಾನರು ಅಂಗಡಿಯ ಹೊಸ್ತಿಲ ಮೇಲೆ ಕುಸಿದು ಕೂತಿದ್ದರು. ಬೆವರು ಅವರ ಕಾಲರಿನೊಳಗೆ ಇಳಿಯುತ್ತಿತ್ತು. ಅತ್ತಿಗೆ ಅವರ ಪಕ್ಕ ಇನ್ನೊಂದು ಸ್ಟೂಲು ಎಳೆದುಕೊಂಡಳು. ಒಂದು ಎಳೆ ಇನ್ನೂ ಅವಳ ಕೈಗೆ ಸಿಕ್ಕಿರಲಿಲ್ಲ.

"ಯಜಮಾನ್ರೇ, ಎಲ್ಲ ಸರಿ. ವರ್ಷಗಟ್ಟಲೆ ಕಾಗದ ಕಾಪಾಡಿದೋರು ನೀವು. ಒಂದು ಹನಿ ಬಣ್ಣ ತಾಗೋಕೆ ಬಿಡಲಿಲ್ಲ. ಈ ಸಲ ಯಾಕೆ ತಡೆಯೋಕಾಗಲಿಲ್ಲ? ದುಡ್ಡಿನ ಅವಸರ ಇತ್ತಾ?"

"ದುಡ್ಡಿಗಲ್ಲ ತಾಯಿ." ಅವರ ಧ್ವನಿಯಲ್ಲಿ ಈಗ ಜಂಬ ಇರಲಿಲ್ಲ. "ಹೋದ ತಿಂಗಳ ಮಧ್ಯದಲ್ಲಿ ಒಂದು ದಿನ ಇಲ್ಲಿಂದ ಹೋಗ್ತಿದ್ದೆ. ಪೆಟ್ಟಿಗೆಯೊಳಗೆ ಏನೋ ಬಿದ್ದ ಸದ್ದಾಯ್ತು. ತಿರುಗಿದೆ. ಯಾರೂ ಇಲ್ಲ. ಇವರಿಬ್ಬರೂ ಹಾಕೋದು ತಿಂಗಳ ಮೊದಲಲ್ಲಿ. ತಡೆಯೋಕಾಗದೆ ತೆರೆದೆ."

"ಏನಿತ್ತು?"

"ಬಾಡಿಗೆ. ಪ್ರತಿ ತಿಂಗಳದು, ಬೇರೆ ಬೇರೆ ಕಟ್ಟು. ಇವಳದು... ಇವರದು ಒಂದು. ಬಣ್ಣ ಹೊಡೆದ ತಿಂಗಳು ಬಿಟ್ಟು ಡ್ರೈವರಪ್ಪನದು ಒಂದು." ಅವರು ಒಣಗಿದ ತುಟಿಯನ್ನು ನೆಕ್ಕಿಕೊಂಡರು. "ಮತ್ತೆ ಇನ್ನೊಂದು."

ಮಷೀನು ನಿಂತಿತು.

"ಇನ್ನೊಂದು ಅಂದ್ರೆ?" ಅಂದ ಇನ್ಸ್‌ಪೆಕ್ಟರ್.

"ಮೂರನೇದು. ಫೋಟೋಗ್ರಾಫರ್ ಕೊಡ್ತಿದ್ದನಲ್ಲ, ಅಷ್ಟೇ ಮೊತ್ತ. ಮೇಲಿನ ಮನೆ ಬಾಡಿಗೆ. ಯಾರೂ ಇಲ್ಲದ ಮನೆ ಬಾಡಿಗೆ ತಾಯಿ! ಬೀಗ ಹಾಗೇ ಇದೆ, ತುಕ್ಕು ಹಿಡಿದಿದೆ, ನೋಡಿ ಬಂದೆ. ಮನೆ ಖಾಲಿ ಅಂತ ಬರೆದುಕೊಟ್ಟಿದ್ದೀನಿ. ಯಾರ ಹತ್ರ ಹೇಳಲಿ? ಹೆದರಿ ಎಲ್ಲ ತೆಗೆದು ಬೀರುವಿನಲ್ಲಿಟ್ಟೆ, ಮತ್ತೆ ಕಾಗದ ಅಂಟಿಸಿದೆ."

ಡ್ರೈವರಪ್ಪ ನಗಲು ಹೋಗಿ ನಿಲ್ಲಿಸಿದ. "ನಾನು ಕೆಳಗಡೆ ಮನೇಲೇ ಇದ್ದೀನಲ್ಲ ತಾಯಿ. ಮೇಲೆ ಒಂದು ಹೆಜ್ಜೆ ಸದ್ದು ಕೇಳಿಲ್ಲ."

ಅತ್ತಿಗೆ ಏನೋ ಕೇಳಲು ಬಾಯಿ ತೆರೆದಳು.

ಹೊರಗೆ, ಮೆಟ್ಟಿಲ ಕೆಳಗೆ, ಠಪ್ ಎಂದು ಸದ್ದಾಯಿತು.

ಅವಳು ಒಮ್ಮೆ ಸುತ್ತ ನೋಡಿದಳು. ಡ್ರೈವರಪ್ಪ ಬಾಗಿಲ ಪಕ್ಕ, ಟೈಲರಕ್ಕ ಮಷೀನಿನ ಮುಂದೆ, ಮೈದುನ ಇಸ್ತ್ರಿ ಮೇಜಿಗೆ ಒರಗಿ, ಯಜಮಾನರು ಕಾಲಬುಡದಲ್ಲಿ. ಬಾಡಿಗೆ ಹಾಕಬಹುದಾದವರು, ತೆಗೆಯಬಹುದಾದವರು, ಎಲ್ಲರೂ ಇಲ್ಲೇ ಇದ್ದರು.

ಇನ್ಸ್‌ಪೆಕ್ಟರ್ ಓಡಿದ. ಅತ್ತಿಗೆ ಅವನ ಬೆನ್ನಿಗೇ ಹೋದಳು. ಮೆಟ್ಟಿಲ ಬಳಿ ಯಾರೂ ಇರಲಿಲ್ಲ. ಪೆಟ್ಟಿಗೆಯ ಅರೆತೆರೆದ ಬಾಗಿಲಿನಿಂದ ಜಾರಿ, ನೆಲದ ಮೇಲೆ ಒಂದು ಕಟ್ಟು ಬಿದ್ದಿತ್ತು. ನೋಟುಗಳಿಗೆ ಸುತ್ತಿದ್ದದ್ದು ದಪ್ಪನೆಯ, ಹೊಳೆಯುವ ಕಾಗದ. ತೆಗೆದ ಕೂಡಲೇ ಚಿತ್ರವನ್ನು ಹೊರಗೆ ಉಗುಳುವ ಕ್ಯಾಮೆರಾದ ಕಾಗದ.

ಅವಳು ಅದನ್ನು ಬಿಡಿಸಿದಳು. ಚಿತ್ರವನ್ನು ಎತ್ತರದಿಂದ, ನೇರ ಕೆಳಮುಖವಾಗಿ ತೆಗೆದಿದ್ದರು. ಅಂಗಡಿಯ ಮುಂದೆ ಬೀಗ ಹಿಡಿದ ಯಜಮಾನರ ಬೋಳು ನೆತ್ತಿ. ಗೇಟಿನ ಬಳಿ, ಪ್ಲಾಸ್ಟಿಕ್ ಚೀಲವನ್ನು ಎರಡು ಬೆರಳಲ್ಲಿ ಹಿಡಿದ ಇನ್ಸ್‌ಪೆಕ್ಟರ್. ಅವನ ಮುಂದೆ, ಕೊಡೆ ಮಡಿಸುತ್ತಿರುವ ಅವಳು.

ಇಂದು ಬೆಳಿಗ್ಗೆ ತೆಗೆದದ್ದು.

"ಯಜಮಾನ್ರೇ," ಅತ್ತಿಗೆ ತಿರುಗದೆಯೇ ಕರೆದಳು. ಕಣ್ಣು ಹಬ್ಬದ ದಿನದ ಹಾಗೆ ಹೊಳೆಯುತ್ತಿತ್ತು. "ಈ ಬಾಡಿಗೆ ಇವತ್ತೇ ನಿಮ್ಮ ಪೆಟ್ಟಿಗೆ ಸೇರಿತು. ಹೊಸ ವರ್ಷದ ಲೆಕ್ಕಕ್ಕೆ ಬರ್ಕೊಳ್ಳಿ. ಮನೆ ಖಾಲಿ ಅನ್ನೋದನ್ನ ಮಾತ್ರ ಹೊಡೆದುಹಾಕಿ."

ಅವಳು ಕೊಡೆಯನ್ನು ಕೋಲಿನಂತೆ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು.

ಮೂರನೆಯ ಅಂತಸ್ತಿನಲ್ಲಿ, ಹೊರಗಿನಿಂದ ಬೀಗ ಜಡಿದ ಆ ಬಾಗಿಲಿಗೆ, ಯಾರೋ ಒಳಗಿನಿಂದ ಚಿಲಕ ಹಾಕಿಕೊಂಡರು.